ಎರಡನೆಯ ಸಹಿ

ನನಗೆ ಲೆಕ್ಕವೆಂದರೆ ಭಯ. ಇದನ್ನು ಹೇಳಿದರೆ ಜನ ನಗುತ್ತಾರೆ. ಯಾಕೆಂದರೆ ನಾನು ಹದಿನಾಲ್ಕು ವರ್ಷದಿಂದ ಮಕ್ಕಳ ತೀವ್ರ ನಿಗಾ ವಾರ್ಡಿನಲ್ಲಿ ನರ್ಸ್. ದಿನಕ್ಕೆ ನಲವತ್ತು ಸಲ ಲೆಕ್ಕ ಹಾಕುವವಳು. ಮಗುವಿನ ತೂಕ ಇಷ್ಟು, ಔಷಧ ಇಷ್ಟು, ಗಂಟೆಗೆ ಎಷ್ಟು ಮಿಲಿಲೀಟರ್ ಹೋಗಬೇಕು. ಆದರೆ ಆ ಲೆಕ್ಕವನ್ನು ನಾನು ಒಬ್ಬಳೇ ಹಾಕಿದವಳಲ್ಲ. ನಮ್ಮಲ್ಲಿ ಒಂದು ಕಟ್ಟಳೆಯಿದೆ. ಇಬ್ಬರು ನರ್ಸುಗಳು ಬೆನ್ನು ತಿರುಗಿಸಿ ನಿಂತು, ಒಬ್ಬರ ಹಾಳೆ ಇನ್ನೊಬ್ಬರಿಗೆ ಕಾಣದ ಹಾಗೆ ಲೆಕ್ಕ ಹಾಕಬೇಕು. ಆಮೇಲೆ ಉತ್ತರ ಹೇಳಬೇಕು. ಎರಡೂ ಒಂದೇ ಆದರೆ ಮಾತ್ರ ಔಷಧ ಹರಿಸುವ ಪಂಪಿಗೆ ಆ ಸಂಖ್ಯೆ ಕೊಟ್ಟು ಇಬ್ಬರೂ ಸಹಿ ಮಾಡಬೇಕು. ಹೊಸದಾಗಿ ನೋಡಿದವರು ಇವರಿಬ್ಬರಿಗೂ ಮಾತು ಬಿಟ್ಟಿದೆ ಎಂದುಕೊಳ್ಳುತ್ತಾರೆ.

ಪರೀಕ್ಷೆಯ ಕೋಣೆಯಲ್ಲಿ ಆ ಎರಡನೆಯವಳು ಇರುವುದಿಲ್ಲ. ಭಯವೆಲ್ಲ ಅಲ್ಲೇ ಇತ್ತು.

ಪರೀಕ್ಷೆ ಯಾಕೆಂದರೆ, ನನ್ನ ಬೆನ್ನು ಸೋತಿತ್ತು. ಮಕ್ಕಳನ್ನು, ಆಕ್ಸಿಜನ್ ಸಿಲಿಂಡರನ್ನು, ಮೂರ್ಛೆ ಹೋದ ತಂದೆಯರನ್ನು ಎತ್ತಿ ಎತ್ತಿ ಬೆನ್ನುಹುರಿಯ ಹತ್ತಿರ ಎರಡು ಮೂಳೆ ಸವೆದಿವೆ ಎಂದು ಡಾಕ್ಟರು ಹೇಳಿದ್ದರು. ಇನ್ನು ಎರಡು ವರ್ಷ, ಅದಕ್ಕಿಂತ ಹೆಚ್ಚು ಈ ಕೆಲಸ ಆಗದು ಎಂದಿದ್ದರು. ಸ್ನಾತಕೋತ್ತರ ಪದವಿ ಆದರೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಬಹುದು. ವರ್ಷಕ್ಕೆ ಒಬ್ಬ ನರ್ಸನ್ನು ಆಸ್ಪತ್ರೆಯೇ ಸಂಬಳ ಕೊಟ್ಟು ಓದಲು ಕಳಿಸುತ್ತದೆ. ನಲವತ್ತು ತುಂಬಿರಬಾರದು. ನನಗೆ ಮೂವತ್ತೊಂಬತ್ತು. ಪ್ರವೇಶ ಪರೀಕ್ಷೆಯ ಉಳಿದ ಭಾಗಗಳಲ್ಲಿ ಹೇಗೋ ದಾಟುತ್ತಿದ್ದೆ. ಲೆಕ್ಕದ ಭಾಗದಲ್ಲಿ ನೂರಕ್ಕೆ ಅರವತ್ತು ಬರಲೇಬೇಕಿತ್ತು. ಮೊದಲ ಸಲ ಮನೆಯಲ್ಲಿ ಬರೆದು ನೋಡಿದಾಗ ಬಂದದ್ದು ಮೂವತ್ತೊಂದು.

ನನಗೆ ಪಾಠ ಹೇಳಿದವರು ನಮ್ಮತ್ತೆ. ಅವರು ಓದಿದ್ದು ಏಳನೆಯ ಕ್ಲಾಸು. ನಲವತ್ತು ವರ್ಷ ಬಟ್ಟೆ ಹೊಲಿದವರು. ಮುಂದಿನ ಕೋಣೆಯಲ್ಲಿ ಅವರು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಾನು ಪುಸ್ತಕ ಹರಡಿಕೊಳ್ಳುತ್ತಿದ್ದೆ. ಅತ್ತೆ ಒಂದು ಕೈಯಲ್ಲಿ ಅಡುಗೆಮನೆಯ ಟೈಮರನ್ನೂ ಇನ್ನೊಂದು ಕೈಯಲ್ಲಿ ಉತ್ತರಗಳ ಹಾಳೆಯನ್ನೂ ಹಿಡಿದು ಎದುರಿಗೆ ಕೂರುತ್ತಿದ್ದರು. ನನ್ನ ಗಂಡ ಲಾರಿ ಓಡಿಸುತ್ತಾರೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುತ್ತಾರೆ. ಆ ನಾಲ್ಕು ದಿನವೂ ಅವರು ಆ ಮೇಜಿನ ಹತ್ತಿರ ಸುಳಿಯಲಿಲ್ಲ. ಅತ್ತೆ ಸೊಸೆ ಒಂದಾದ ಮನೆಯಲ್ಲಿ ಗಂಡಸಿಗೆ ಏನು ಕೆಲಸ.

“ಒಂದು ಪ್ರಶ್ನೆಗೆ ನಾಲ್ಕು ನಿಮಿಷ ಆಯ್ತು ಕಣೇ. ಅಷ್ಟು ಹೊತ್ತಿಗೆ ನಾನು ಒಂದು ತೋಳು ಹೊಲಿದಿರ್ತಿದ್ದೆ,” ಎನ್ನುತ್ತಿದ್ದರು ಅತ್ತೆ.

“ಇನ್ನೊಂದ್ಸಲ ನೋಡ್ತಿದ್ದೀನಿ ಅತ್ತೆ.”

“ಎಷ್ಟು ಸಲ ನೋಡ್ತೀಯ? ನೋಡಿ ನೋಡಿ ಅದರ ಬಣ್ಣ ಹೋಯ್ತು.”

ಒಂದು ಬಗೆಯ ಪ್ರಶ್ನೆಯಂತೂ ನನಗೆ ಬಗೆಹರಿಯುತ್ತಲೇ ಇರಲಿಲ್ಲ. ಎಡಗಡೆ ಒಂದು ಮೊತ್ತ, ಬಲಗಡೆ ಒಂದು ಮೊತ್ತ ಕೊಟ್ಟಿರುತ್ತಾರೆ. ಎಡದ್ದು ದೊಡ್ಡದೋ, ಬಲದ್ದು ದೊಡ್ಡದೋ, ಎರಡೂ ಸಮವೋ, ಅಥವಾ ಕೊಟ್ಟಿರುವಷ್ಟರಿಂದ ಹೇಳಲಾಗದೋ ಎಂದು ಕೇಳುತ್ತಾರೆ. ನಾನು ಹೆದರಿ ಹೆದರಿ ಕೊನೆಯದನ್ನೇ ಗುರುತು ಮಾಡುತ್ತಿದ್ದೆ. ಅತ್ತೆ ಒಂದು ದಿನ ಎಣಿಸಿದರು.

“ಇಪ್ಪತ್ತರಲ್ಲಿ ಹದಿನಾಲ್ಕಕ್ಕೆ ‘ಹೇಳೋಕಾಗಲ್ಲ’ ಅಂದಿದ್ದೀಯ. ಹುಡುಗ ಒಪ್ಪಿಗೆನಾ ಅಂತ ನಿನ್ನ ಕೇಳೋಕೆ ಬಂದಾಗಲೂ ಹಿಂಗೇ ಅಂದಿದ್ದೆ ನೀನು.”

ಆಮೇಲೆ ಅವರು ಟೈಮರ್ ಕೆಳಗಿಟ್ಟು ತಮ್ಮ ವಿದ್ಯೆ ಹೇಳಿಕೊಟ್ಟರು. “ನೋಡು, ಅಳತೆಪಟ್ಟಿ ಕಲಿಯೋರಿಗೆ. ಕಲಿತೋರಿಗೆ ಕಣ್ಣಳತೆ. ಗಿರಾಕಿ ಬಾಗಿಲಲ್ಲಿ ನಿಂತಾಗಲೇ ಸೊಂಟ ಎಷ್ಟು ಅಂತ ನನಗೆ ಗೊತ್ತಾಗುತ್ತೆ. ನಾಲ್ಕು ಉತ್ತರದಲ್ಲಿ ಎರಡು ತಪ್ಪು ಅಂತ ಕಣ್ಣಿಗೇ ಕಾಣ್ಬೇಕು. ಉಳಿದ ಎರಡರಲ್ಲಿ ಹತ್ತಿರದ್ದು ಒತ್ತು, ಮುಂದೆ ನಡಿ. ತಿರುಗಿ ನೋಡ್ಬೇಡ.”

ತಿರುಗಿ ನೋಡದಿರುವುದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿಯಿತು. ಮೊದಮೊದಲು ಉತ್ತರ ಒತ್ತಿದ ಮೇಲೆ ಮತ್ತೆ ಅದಕ್ಕೇ ಮರಳುತ್ತಿದ್ದೆ. ಯಾರಾದರೂ ಪಕ್ಕದಿಂದ ‘ಸರಿ’ ಎನ್ನಲಿ ಎಂದು ಕಿವಿ ಕಾಯುತ್ತಿತ್ತು. ಆಮೇಲೆ ಅದು ನಿಂತಿತು. ಮೂವತ್ತೊಂದು ನಲವತ್ತೆಂಟಾಯಿತು, ನಲವತ್ತೆಂಟು ಅರವತ್ತಾರಾಯಿತು. ಅತ್ತೆ ಗಿರಾಕಿಗಳಿಗೆಲ್ಲ ಸೊಸೆಯ ಅಂಕ ಹೇಳತೊಡಗಿದರು. ನನಗೆ ಮಾತ್ರ ಖುಷಿಗಿಂತ ದಿಗಿಲೇ ಹೆಚ್ಚಾಯಿತು. ಈ ವೇಗ ನನ್ನದಲ್ಲ, ಯಾರದೋ ಬಟ್ಟೆ ಹಾಕಿಕೊಂಡು ಓಡುತ್ತಿದ್ದೇನೆ ಎನಿಸುತ್ತಿತ್ತು.

ವಾರ್ಡಿನಲ್ಲೂ ಸುದ್ದಿ ಹರಡಿತು. ನನಗೆ ‘ಲೆಕ್ಕದಕ್ಕ’ ಎಂದು ಹೆಸರಿಟ್ಟರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಯಾರಿಗೆ ಯಾವ ಸಂಖ್ಯೆ ಬೇಕಾದರೂ ನನ್ನ ಹತ್ತಿರ ಬರತೊಡಗಿದರು. ನನ್ನ ಜೊತೆಯ ಪಾಳಿಯಲ್ಲಿ ಇರುವವಳು ಇಪ್ಪತ್ತಾರರ ಒಂದು ಹುಡುಗಿ. ಅವಳು ನಡೆಯುವುದಿಲ್ಲ, ಕುಪ್ಪಳಿಸುತ್ತಾಳೆ. ಅದಕ್ಕೆ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಾರೆ. ಮೊದಲು ಗುಬ್ಬಿಯೂ ನಾನೂ ಬೆನ್ನಿಗೆ ಬೆನ್ನು ಮಾಡಿಯೇ ಲೆಕ್ಕ ಹಾಕುತ್ತಿದ್ದೆವು. ಒಂದು ದಿನ ಕೆಲಸದ ಗಡಿಬಿಡಿಯಲ್ಲಿ ಅವಳು, “ಅಕ್ಕ, ನಿಮ್ಮದು ಎಷ್ಟು ಬಂತು, ಹೇಳ್ಬಿಡಿ,” ಎಂದಳು. ಹೇಳಿದೆ. ಇನ್ನೊಂದು ದಿನ ಅವಳೇ ಮೊದಲು ಹೇಳಿದಳು. ನಾನು ಒಂದು ಕಣ್ಣು ಹಾಯಿಸಿ, ಅಂದಾಜು ಸರಿಯಿದೆಯೆಂದು ಕಂಡು, ‘ಸರಿ’ ಎಂದೆ. ಅಂದಿನಿಂದ ಅದೇ ನಡೆದುಕೊಂಡು ಬಂತು. ಮನೆಯಲ್ಲಿ ಕಷ್ಟಪಟ್ಟು ಬಿಡಿಸಿಕೊಂಡ, ತಿರುಗಿ ನೋಡುವ ಅಭ್ಯಾಸ ವಾರ್ಡಿನಲ್ಲಿ ತಾನಾಗಿಯೇ ಬಿಟ್ಟುಹೋಗಿತ್ತು. ನನಗೆ ಅದು ಗೊತ್ತಾಗಲೇ ಇಲ್ಲ.

ಪರೀಕ್ಷೆಯ ದಿನ ರಜೆ ಸಿಗಲಿಲ್ಲ. ವಾರ್ಡಿನ ಮೇಲ್ವಿಚಾರಣೆ ನೋಡುವ ದೊಡ್ಡ ಸಿಸ್ಟರ್, “ಒಂಬತ್ತು ಗಂಟೆ ಔಷಧ ಮುಗಿಸಿ ಹೋಗು, ಹನ್ನೆರಡಕ್ಕೆ ತಾನೆ ಪರೀಕ್ಷೆ?” ಎಂದರು. ಬೆಳಿಗ್ಗೆ ಪಾಳಿ ಬದಲಾಗುವಾಗ ಹಿಂದಿನ ಪಾಳಿಯವರು ಒಂದೊಂದೇ ಹಾಸಿಗೆಯ ವಿವರ ಹೇಳುತ್ತಿದ್ದರು. ನನ್ನ ಅಂಗೈಯಲ್ಲಿ ಸೂತ್ರಗಳನ್ನು ಬರೆದ ಚೀಟಿ ಮಡಚಿಕೊಂಡಿತ್ತು. ನಾನು ತಲೆಯಾಡಿಸುತ್ತಿದ್ದೆ.

ನಾಲ್ಕನೆಯ ಹಾಸಿಗೆಯಲ್ಲಿ ಹನ್ನೊಂದು ತಿಂಗಳ ಮಗು. ಜ್ವರವೊಂದು ಬಂದು ಹೋಗುವಾಗ ಅದರ ಹೃದಯವನ್ನು ಬಳಲಿಸಿ ಹೋಗಿತ್ತು. ಹೃದಯಕ್ಕೆ ಬಲ ಕೊಡುವ ಔಷಧ ದೊಡ್ಡ ಸಿರಿಂಜಿನಿಂದ ಪಂಪಿನ ಮೂಲಕ ಹಗಲೂ ರಾತ್ರಿ ಹೋಗುತ್ತಿತ್ತು. ಐದು ದಿನದಿಂದ ಗಂಟೆಗೆ ಎರಡು ಪಾಯಿಂಟ್ ನಾಲ್ಕು ಮಿಲಿಲೀಟರ್. ಅದರ ತಾಯಿ ಗಾಜಿನ ಕಾರ್ಖಾನೆಯಲ್ಲಿ ಲೋಟಗಳನ್ನು ಕಾಗದ ಸುತ್ತಿ ಪೆಟ್ಟಿಗೆಗೆ ತುಂಬುವವಳು. ಮಗುವಿನ ಹೊದಿಕೆಯನ್ನೂ ಹಾಗೆಯೇ, ಮೂಲೆ ಮೂಲೆ ಒತ್ತಿ ಸುತ್ತುತ್ತಿದ್ದಳು. ನಾವು ಏನು ಮಾಡಿದರೂ ನಮ್ಮ ಕೈಯನ್ನೇ ನೋಡುತ್ತಿದ್ದಳು.

ಒಂಬತ್ತಕ್ಕೆ ಗುಬ್ಬಿ ಹೊಸ ಸಿರಿಂಜು ತಂದು ಪಂಪಿಗೆ ಜೋಡಿಸಿದಳು.

“ಎರಡು ಪಾಯಿಂಟ್ ನಾಲ್ಕು ಅಲ್ವಾ ಅಕ್ಕ?”

ನಾನು ಬ್ಯಾಗಿನಲ್ಲಿ ಗುರುತಿನ ಚೀಟಿ ಇದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. “ಸರಿ,” ಎಂದು ಸಹಿ ಹಾಕಿದೆ.

“ಚೆನ್ನಾಗಿ ಬರೀರಿ ಸಿಸ್ಟರ್,” ಎಂದಳು ಮಗುವಿನ ತಾಯಿ.

ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ; ಕೇಂದ್ರ ಒಂದು ಪೀಠೋಪಕರಣದ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿತ್ತು. ಜೇಬು ತಿರುವಿಸಿದರು, ತೋಳು ಮಡಿಸಿದರು, ಕನ್ನಡಕ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು. ಬಾಗಿಲ ಹತ್ತಿರದ ಮೇಜಿನ ಹಿಂದೆ ಕೂತಿದ್ದ ಮೇಲ್ವಿಚಾರಕಿ ನನ್ನ ಫೋನನ್ನು ಲಾಕರಿನಲ್ಲಿಡಿಸಿ ಕೀಲಿ ಕೊಟ್ಟಳು. “ನಡುವೆ ಹೊರಗೆ ಬರಬಹುದು ಮೇಡಂ, ಗಡಿಯಾರ ಮಾತ್ರ ನಿಲ್ಲಲ್ಲ. ಆದರೆ ಫೋನ್ ಮುಟ್ಟಿದ್ರೆ ಪರೀಕ್ಷೆ ರದ್ದು. ಕಾರಣ ಕೇಳಲ್ಲ,” ಎಂದಳು. ಮತ್ತೆ ಬರೆಯಲು ಇಪ್ಪತ್ತೊಂದು ದಿನ ಕಾಯಬೇಕು. ಆಸ್ಪತ್ರೆಗೆ ಅಂಕ ಒಪ್ಪಿಸಲು ಉಳಿದಿದ್ದದ್ದು ಹತ್ತು ದಿನ.

ಲೆಕ್ಕದ ಮೊದಲ ಕಂತು ನೀರು ಕುಡಿದಷ್ಟು ಸುಲಭವಾಗಿ ಹೋಯಿತು. ಸುಲಭವಾಯಿತಲ್ಲ ಎಂದೇ ದಿಗಿಲಾಯಿತು. ಈ ಪರೀಕ್ಷೆಯ ಗುಣ ಹಾಗೆ: ಮೊದಲ ಕಂತನ್ನು ಚೆನ್ನಾಗಿ ಮಾಡಿದರೆ ಎರಡನೆಯದನ್ನು ಕಷ್ಟದ್ದು ಕೊಡುತ್ತಾರೆ, ಕೆಟ್ಟದಾಗಿ ಮಾಡಿದರೆ ಸುಲಭದ್ದು. ಎರಡನೆಯ ಕಂತು ತೆರೆಯಿತು. ಮೊದಲ ಪ್ರಶ್ನೆಯೇ ತಲೆ ತಿರುಗಿಸುವಂತಿತ್ತು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಕಣ್ಣಳತೆಯಲ್ಲಿ ಆರು ಪ್ರಶ್ನೆ ದಾಟಿದೆ. ಎಲ್ಲವೂ ಅತ್ತೆ ಹೇಳಿದಂತೆಯೇ ನಡೆಯುತ್ತಿತ್ತು.

ಏಳನೆಯದು ಎಡ-ಬಲದ ಪ್ರಶ್ನೆ. ಎರಡು ತೊಟ್ಟಿ, ಎರಡರಲ್ಲೂ ಉಪ್ಪುನೀರು. ಎಡದ ನಲ್ಲಿಯಿಂದ ಗಂಟೆಗೆ ಎರಡು ಲೀಟರ್, ಬಲದ ನಲ್ಲಿಯಿಂದ ಮೂರು ಲೀಟರ್ ಹೊರಗೆ ಬರುತ್ತದೆ. ಎಡದ ತೊಟ್ಟಿಯಲ್ಲಿ ಲೀಟರಿಗೆ ಹತ್ತು ಗ್ರಾಂ ಉಪ್ಪು. ಒಂದು ಗಂಟೆಯಲ್ಲಿ ಯಾವ ಕಡೆಯಿಂದ ಹೆಚ್ಚು ಉಪ್ಪು ಹೊರಬರುತ್ತದೆ? ಕಣ್ಣು ‘ಬಲ’ ಎಂದಿತು. ಬೆರಳು ಅದರ ಮೇಲೆ ಹೋಯಿತು. ಆಗ ಕಂಡಿತು, ಬಲದ ತೊಟ್ಟಿಯಲ್ಲಿ ಉಪ್ಪು ಎಷ್ಟಿದೆಯೆಂದು ಹೇಳಿಯೇ ಇಲ್ಲ. ಹರಿಯುವ ವೇಗ ಗೊತ್ತಿದ್ದರೆ ಸಾಲದು, ನೀರು ಎಷ್ಟು ಗಟ್ಟಿ ಎಂದು ಗೊತ್ತಿರಬೇಕು. ‘ಹೇಳಲಾಗದು’ ಎಂಬುದನ್ನು ಒತ್ತಿದೆ. ನೂರಕ್ಕೆ ನೂರು ಅದೇ ಸರಿ.

ಮರುಕ್ಷಣ ನೆನಪಾಯಿತು. ಬೆಳಿಗ್ಗೆಯ ಸಿರಿಂಜಿನ ಲೇಬಲನ್ನು ನಾನು ಓದಿರಲಿಲ್ಲ.

ಎರಡು ಪಾಯಿಂಟ್ ನಾಲ್ಕು ವೇಗ. ಗಟ್ಟಿ ಎಷ್ಟು? ಪಾಳಿ ಬದಲಾಗುವಾಗ ಯಾರೋ ಏನೋ ಹೇಳಿದ್ದರು. ಮೈ ಊದಿಕೊಂಡಿದೆ, ದೇಹಕ್ಕೆ ಹೋಗುವ ನೀರು ಕಡಿಮೆಯಾಗಲಿ, ಇವತ್ತಿನಿಂದ ಔಷಧವನ್ನು ಇಮ್ಮಡಿ ಗಟ್ಟಿ ಮಾಡಿಸಿ ಎಂದು ಡಾಕ್ಟರು ಹೇಳಿದ್ದಾರೆ ಅಂತ. ಅದು ನಾಲ್ಕನೆಯ ಹಾಸಿಗೆಯೋ, ಆರನೆಯದೋ? ನನಗೆ ನೆನಪಿದ್ದದ್ದು ಅಂಗೈಯಲ್ಲಿದ್ದ ಚೀಟಿಯ ಸೂತ್ರಗಳು ಮಾತ್ರ. ಅವು ಒಂದೂ ಬಿಡದೆ ನೆನಪಿದ್ದವು.

ರಫ್ ಹಾಳೆಯಲ್ಲಿ ಬರೆದೆ. ತೂಕ ಎಂಟು ಕೆ.ಜಿ. ಕೆ.ಜಿ.ಗೆ ನಿಮಿಷಕ್ಕೆ ಐದು ಮೈಕ್ರೋಗ್ರಾಂ. ಎಂಟೈದಲಿ ನಲವತ್ತು, ನಲವತ್ತು ಅರವತ್ತಲಿ ಎರಡು ಸಾವಿರದ ನಾನೂರು. ಅಂದರೆ ಗಂಟೆಗೆ ಎರಡು ಪಾಯಿಂಟ್ ನಾಲ್ಕು ಮಿಲಿಗ್ರಾಂ. ಐವತ್ತು ಮಿಲಿಲೀಟರಿನ ಸಿರಿಂಜಿನಲ್ಲಿ ಐವತ್ತು ಮಿಲಿಗ್ರಾಂ ಇದ್ದರೆ ಪಂಪು ಎರಡು ಪಾಯಿಂಟ್ ನಾಲ್ಕು. ನೂರು ಇದ್ದರೆ ಒಂದು ಪಾಯಿಂಟ್ ಎರಡು. ನೂರು ಇದ್ದರೆ ಆ ಮಗುವಿಗೆ ಒಂಬತ್ತು ಗಂಟೆಯಿಂದ ಇಮ್ಮಡಿ ಔಷಧ ಹೋಗುತ್ತಿದೆ.

ತೆರೆಯ ಮೂಲೆಯಲ್ಲಿ ಹತ್ತೊಂಬತ್ತು ನಿಮಿಷ ಉಳಿದಿತ್ತು. ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗುಬ್ಬಿ ನೋಡಿರುತ್ತಾಳೆ. ಗುಬ್ಬಿ ಲೆಕ್ಕ ಹಾಕಿರುತ್ತಾಳೆ. ಹತ್ತೊಂಬತ್ತು ನಿಮಿಷ ತಾನೆ, ಮುಗಿಸಿಯೇ ಫೋನ್ ಮಾಡಿದರಾಯಿತು. ಎಂಟನೆಯ ಪ್ರಶ್ನೆಯನ್ನು ಮೂರು ಸಲ ಓದಿದೆ. ಒಂದು ಅಕ್ಷರವೂ ಒಳಗೆ ಹೋಗಲಿಲ್ಲ. ಎದ್ದರೆ ನನ್ನ ಬದುಕು ಹೋಗುತ್ತದೆ, ಕೂತರೆ ಬಹುಶಃ ಒಂದು ಮಗು ಹೋಗುತ್ತದೆ. ಈ ‘ಬಹುಶಃ’ ಎಂಬುದನ್ನೇ ನಾನು ಹಿಡಿದುಕೊಂಡು ಕೂತಿದ್ದೆ. ಎಷ್ಟು ಹೊತ್ತು ಎಂದರೆ, ಪೂರ್ತಿ ಎರಡು ನಿಮಿಷ. ಆ ಎರಡು ನಿಮಿಷವನ್ನು ನಾನು ಯಾರಿಗೂ ಹೇಳಿಲ್ಲ.

ಎದ್ದು ಹೊರಗೆ ಬಂದೆ. ಮೇಲ್ವಿಚಾರಕಿಗೆ ಹೇಳಿದೆ: “ನನ್ನ ಪರವಾಗಿ ಆಸ್ಪತ್ರೆಗೆ ಒಂದು ಫೋನ್ ಮಾಡ್ತೀರಾ? ಒಂದೇ ಮಾತು ಕೇಳ್ಬೇಕು.”

ಅವಳು ತಲೆಯ ಮೇಲಿನ ಕ್ಯಾಮೆರಾ ಕಡೆ ನೋಡಿದಳು. “ನನ್ನಿಂದ ಆಗಲ್ಲ ಮೇಡಂ, ಕೆಲಸ ಹೋಗುತ್ತೆ. ನೀವು ಲಾಕರ್ ತೆಗೆದ್ರೆ ನಾನು ಬರ್ಕೊಳ್ಳಲೇಬೇಕು.”

“ಬರ್ಕೊಳ್ಳಿ,” ಎಂದೆ.

ಲಾಕರ್ ತೆಗೆದು ಫೋನ್ ಮಾಡಿದೆ. ಮೊದಲ ಕರೆಯನ್ನು ವಾರ್ಡಿನಲ್ಲಿ ಯಾರೂ ಎತ್ತಲಿಲ್ಲ. ಎರಡನೆಯದನ್ನು ಗುಬ್ಬಿ ಎತ್ತಿದಳು.

“ಅಕ್ಕ, ಇಷ್ಟು ಬೇಗ ಮುಗೀತಾ?”

“ನಾಲ್ಕನೇ ಹಾಸಿಗೆ ಸಿರಿಂಜಿನ ಲೇಬಲ್ ಓದು. ಎಷ್ಟು ಮಿಲಿಗ್ರಾಂ ಅಂತ ಇದೆ?”

ಅವಳ ಚಪ್ಪಲಿಯ ಸದ್ದು ಹೋಗಿ ನಿಂತಿತು. “ನೂರು.”

“ಪಂಪು?”

“ಎರಡು ಪಾಯಿಂಟ್ ನಾಲ್ಕೇ ಇದೆ.”

“ಗುಬ್ಬಿ, ಒಂದು ಪಾಯಿಂಟ್ ಎರಡಕ್ಕೆ ಇಳಿಸು. ದೊಡ್ಡ ಸಿಸ್ಟರ್ ಹತ್ರ ಬೇರೆಯಾಗಿ ಲೆಕ್ಕ ಹಾಕಿಸು. ಡಾಕ್ಟರ್‌ನ ಕರಿ. ಈಗಲೇ.”

“ನಾಡಿ ನೂರ ತೊಂಬತ್ತಿದೆ ಅಕ್ಕ. ಜ್ವರ ಏರ್ತಿದೆ ಅಂತ ಆಗಲಿಂದ ಮೈ ಒರೆಸ್ತಾ ಇದೀವಿ.”

“ನೀನು ಲೆಕ್ಕ ಹಾಕಿರ್ಲಿಲ್ವಾ?”

“ನೀವು ಹಾಕಿರ್ತೀರಲ್ಲ ಅಂತ,” ಎಂದು ಅವಳು ಅಳತೊಡಗಿದಳು.

ಬಸ್ಸಿನಲ್ಲಿ ಕೂರಲು ಜಾಗವಿದ್ದರೂ ನಿಂತೇ ಹೋದೆ. ಕೂತರೆ ಬಸ್ಸು ನಿಧಾನವಾಗುತ್ತದೇನೋ ಎಂಬ ಹುಚ್ಚು. ದಾರಿಯಲ್ಲಿ ಅತ್ತೆಯ ಫೋನು ಬಂತು. ನಡುವೆ ಎದ್ದು ಬಂದೆ ಎಂದೆ, ಯಾಕೆಂದೂ ಹೇಳಿದೆ. ಅವರು, “ಬಟ್ಟೆ ತಪ್ಪು ಕತ್ತರಿಸಿದ್ರೆ ಬೇರೆ ಬಟ್ಟೆ ತರಬಹುದು. ನಾನು ಅದನ್ನ ನಿನಗೆ ಹೇಳ್ಲಿಲ್ಲ ಕಣಮ್ಮ,” ಎಂದು ಫೋನಿಟ್ಟರು.

ನಾನು ಹೋಗುವಷ್ಟರಲ್ಲಿ ನಾಡಿ ನೂರ ಐವತ್ತಕ್ಕೆ ಇಳಿದಿತ್ತು. ಡಾಕ್ಟರು ಹಾಸಿಗೆಯ ಪಕ್ಕದಲ್ಲೇ ಇದ್ದರು. ಇನ್ನೂ ಸ್ವಲ್ಪ ಹೊತ್ತಾಗಿದ್ದರೆ ಈ ಹೃದಯ ತಡೆಯುತ್ತಿರಲಿಲ್ಲ ಎಂದರು, ಈಗ ಹೆದರಬೇಕಿಲ್ಲ ಎಂದೂ ಹೇಳಿದರು. ಎರಡನೆಯ ಮಾತು ನನ್ನ ಮನಸ್ಸಿಗೆ ಇಳಿಯಲಿಲ್ಲ. ದೊಡ್ಡ ಸಿಸ್ಟರ್ ನಡೆದದ್ದನ್ನು ಬರೆಯುವ ಫಾರಂ ತಂದು ನನ್ನ ಮುಂದಿಟ್ಟರು. ಯಾರು ಲೆಕ್ಕ ಹಾಕಿದರು ಎಂಬ ಜಾಗದಲ್ಲಿ ‘ಯಾರೂ ಇಲ್ಲ’ ಎಂದು ಬರೆದೆ. ಕೆಳಗೆ ಸಹಿ ಮಾಡಿದೆ. ಅವರು ಅದನ್ನು ಓದಿ ಮಡಚಿ, “ಓದಕ್ಕೆ ಹೋಗೋ ಮಾತು ಇನ್ನು ಎತ್ತಬೇಡ,” ಎಂದರು. ಎತ್ತುವ ಯೋಚನೆ ನನಗೂ ಇರಲಿಲ್ಲ.

ನಾಲ್ಕನೆಯ ಹಾಸಿಗೆಯ ಹತ್ತಿರ ಹೋದೆ. ಮಗು ನಿದ್ದೆ ಮಾಡುತ್ತಿತ್ತು. ತಾಯಿ ಸ್ಟೂಲಿನಿಂದ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡಳು.

“ಪಂಪಲ್ಲಿ ಏನೋ ವ್ಯತ್ಯಾಸ ಆಗಿತ್ತಂತೆ. ನೀವು ಅಲ್ಲಿಂದಲೇ ಕಂಡುಹಿಡಿದ್ರಂತೆ. ಪರೀಕ್ಷೆ ಬಿಟ್ಟು ಬಂದ್ರಂತಲ್ಲ ಸಿಸ್ಟರ್, ನನ್ನ ಮಗೂಗೋಸ್ಕರ. ಈ ಋಣ ಹೇಗೆ ತೀರಿಸ್ಲಿ ನಾನು.”

ಆ ದಿನ ಎಷ್ಟೋ ಸಲ ಹೆದರಿದ್ದೆ. ಅವಳ ಈ ಮಾತಿನ ಮುಂದೆ ಅವೆಲ್ಲ ಏನೂ ಅಲ್ಲ. ಸುಮ್ಮನೆ ನಕ್ಕು ಹೋಗಿಬಿಡಬಹುದಿತ್ತು. ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲ.

“ವ್ಯತ್ಯಾಸ ಮಾಡಿದ್ದು ನಾನಮ್ಮ. ಬೆಳಿಗ್ಗೆ ನಾನು ಲೆಕ್ಕ ಹಾಕದೆ ಸರಿ ಅಂದೆ. ನಿನ್ನೆದುರಿಗೇ ಸಹಿ ಮಾಡಿದ್ನಲ್ಲ, ಅದು ಸುಳ್ಳು ಸಹಿ.”

ಅವಳು ನನ್ನ ಕೈ ಬಿಟ್ಟಳು. ಬೈಯುತ್ತಾಳೆ ಎಂದುಕೊಂಡೆ, ಹೊಡೆದರೂ ಸರಿ ಎಂದುಕೊಂಡೆ. ಅವಳು ಮಗುವಿನ ಹೊದಿಕೆಯ ಮೂಲೆಯನ್ನು ಒತ್ತಿದಳು, ಇನ್ನೊಂದು ಮೂಲೆಯನ್ನೂ ಒತ್ತಿದಳು.

“ಈಗ ಹಾಕಿದ್ದೀರಾ?” ಎಂದು ಕೇಳಿದಳು.

“ಹಾಕಿದ್ದೀನಿ.”

“ನನ್ನ ಮುಂದೆ ಹಾಕಿ.”

ಜೇಬಿನಿಂದ ಪೆನ್ನು ತೆಗೆದು, ಹಾಸಿಗೆಯ ಪಕ್ಕದ ಸಣ್ಣ ಮೇಜಿನ ಮೇಲೆ ಹಾಳೆ ಇಟ್ಟುಕೊಂಡು ಎಂಟು ಎಂದು ಬರೆದೆ. ಅದೇನು ಎಂದಳು. ಮಗುವಿನ ತೂಕ ಎಂದೆ. ಐದು ಎಂದು ಬರೆದೆ. ಅದು ಯಾಕೆ ಎಂದಳು. ಡಾಕ್ಟರು ಬರೆದದ್ದನ್ನು ತೋರಿಸಿದೆ. ಅವಳು ಅದನ್ನು ಬೆರಳಿಟ್ಟು ನೋಡಿದಳು. ಅರವತ್ತು ಯಾಕೆ ಎಂದಳು. ಅವರು ಬರೆದಿರುವುದು ನಿಮಿಷದ ಲೆಕ್ಕ, ಪಂಪು ನಡೆಯುವುದು ಗಂಟೆಯ ಲೆಕ್ಕದಲ್ಲಿ ಎಂದೆ. ಸಿರಿಂಜಿನ ಮೇಲಿದ್ದ ನೂರನ್ನು ಅವಳೇ ಬಗ್ಗಿ ಓದಿದಳು. ಕೊನೆಗೆ ಒಂದು ಪಾಯಿಂಟ್ ಎರಡು ಬಂತು. ಅವಳು ತಲೆಯೆತ್ತಿ ಪಂಪನ್ನು ನೋಡಿದಳು, ಹಾಳೆಯನ್ನು ನೋಡಿದಳು, ನನ್ನ ಮುಖ ಮಾತ್ರ ನೋಡಲಿಲ್ಲ.

“ನನಗೆ ತಿಳೀಲಿಲ್ಲ. ಮೊದಲಿಂದ ಹಾಕಿ,” ಎಂದಳು.

ನಾನು ಹಾಳೆಯನ್ನು ತಿರುಗಿಸಿ ಮತ್ತೆ ಎಂಟು ಎಂದು ಬರೆದೆ.